ಬೆನ್ನು ತೋರಿಸಿ ನಿಂತ ಹುಡುಗ

2019ರ ಮಾತು. ಜೆರುಸಲೇಮಿನ ಡಮಾಸ್ಕಸ್ ಗೇಟ್ ಹತ್ತಿರ 231ನೇ ನಂಬರಿನ ಬಸ್ ಹಿಡಿದು ಬೆತ್ಲೆಹೆಮ್‌ಗೆ ಹೋಗಿದ್ದೆವು. ಗೆಳೆಯ, ಯೇಸು ಹುಟ್ಟಿದ ಜಾಗದ ಚರ್ಚಿನ ಕ್ಯೂನಲ್ಲಿ ನಿಂತ. ನಾನು ಗೋಡೆ ನೋಡಲು ಹೊರಟೆ.

ತನಗೂ ಪ್ಯಾಲೆಸ್ತೀನಿಯರಿಗೂ ನಡುವೆ ಇಸ್ರೇಲ್ ಕಟ್ಟಿದ ಕಾಂಕ್ರೀಟ್ ಗೋಡೆ ಅದು. ಇಲ್ಲಿ ಸುಮಾರು 8 ಮೀಟರ್ ಎತ್ತರ. ಈಚೆ ಬದಿಯ ತುಂಬ ಚಿತ್ರಗಳು. ಪ್ರವಾಸಿಗಳೆಲ್ಲ ಬ್ರಿಟನ್ನಿನ ಗೋಡೆಚಿತ್ರಕಾರ ಬ್ಯಾಂಕ್ಸಿಯ ಚಿತ್ರ ಎಲ್ಲಿ ಅಂತ ಹುಡುಕುತ್ತಿದ್ದರು. ನಾನು ಹುಡುಕುತ್ತಿದ್ದವನು ಬೇರೆ. ಹೆಚ್ಚು ಸುತ್ತಬೇಕಾಗಲಿಲ್ಲ, ಸಿಕ್ಕೇಬಿಟ್ಟ. ತೇಪೆ ಹಾಕಿದ ಅಂಗಿ, ಬರಿಗಾಲು, ಮುಳ್ಳಿನಂಥ ಕೂದಲು, ಹಿಂದೆ ಕಟ್ಟಿದ ಕೈ. ಮುಖ ಮಾತ್ರ ಕಾಣುವುದಿಲ್ಲ. ಅವನೇ ಹಂದಲಾ. ಹೆಸರು ಬಂದದ್ದು ಹಂದಲ್ ಎಂಬ ಬಳ್ಳಿಯಿಂದ, ನಮ್ಮ ಹಾವುಮೆಕ್ಕೆ. ಕಾಯಿ ಬಾಯಿಗಿಡಲಾಗದಷ್ಟು ಕಹಿ.

ಅವನನ್ನು ಬರೆದವರು ಪ್ಯಾಲೆಸ್ತೀನಿನ ವ್ಯಂಗ್ಯಚಿತ್ರಕಾರ ನಾಜಿ ಅಲ್ ಅಲಿ. 1948ರಲ್ಲಿ, ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ, ಗಲಿಲೀ ಸೀಮೆಯ ಹಳ್ಳಿ ಬಿಟ್ಟು ಮನೆಯವರ ಜೊತೆ ಲೆಬನಾನಿನ ನಿರಾಶ್ರಿತರ ಕ್ಯಾಂಪ್ ಸೇರಿದಾಗ ಅವರಿಗೆ ಹತ್ತರ ಆಸುಪಾಸು. ಹಂದಲಾಗೂ ಹತ್ತೇ. ಊರಿಗೆ ಮರಳುವ ತನಕ ಅವನು ಬೆಳೆಯುವುದಿಲ್ಲ ಅಂದಿದ್ದರು ನಾಜಿ. 1969ರಲ್ಲಿ ಕುವೈತಿನ ಅಲ್ ಸಿಯಾಸಾ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡ ಹುಡುಗ 1973ರಿಂದ ಓದುಗರಿಗೆ ಬೆನ್ನು ಹಾಕಿ ನಿಂತ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೂ ಬಾಯಿ ಬಿಡುವುದಿಲ್ಲ, ಆದರೆ ಮುಖವಾದರೂ ಕಾಣುತ್ತದೆ. ಇವನು ಅದನ್ನೂ ಕೊಡುವುದಿಲ್ಲ.

ಎದುರಿನ ಅಂಗಡಿಯಲ್ಲಿ ಹಂದಲಾ ಕೀಚೈನ್ ನೇತಾಡುತ್ತಿತ್ತು. ಸುಮ್ನೆ ಬೆಲೆ ಕೇಳಿದ್ದಕ್ಕೆ ಅಂಗಡಿಯ ಹಿರಿಯರು ಕುರ್ಚಿ ಎಳೆದು ಕೂರಿಸಿ, ಹಳೆಯ ವ್ಯಂಗ್ಯಚಿತ್ರಗಳ ಪುಸ್ತಕ ಬಿಡಿಸಿದರು. ನನಗೆ ಅರಬ್ಬಿಯ ಒಂದಕ್ಷರವೂ ಬಾರದು. ಬೇಕಾಗಲೂ ಇಲ್ಲ. ಎಷ್ಟೋ ಚಿತ್ರಗಳಲ್ಲಿ ಮಾತೇ ಇಲ್ಲ. ಬೊಜ್ಜು ಮೈಯ, ಕಾಲಿಲ್ಲದ, ಹುಳದಂತೆ ತೆವಳುವ ದೊಡ್ಡ ಮನುಷ್ಯರು ಬಂದರು. "ಇವರು ಯಹೂದಿಗಳಾ?" ಅಂದೆ. ಹಿರಿಯರು ನಕ್ಕರು. "ಅಲ್ಲ, ನಮ್ಮವರೇ. ಅರಬ್ ನಾಯಕರು."

ಇಸ್ರೇಲನ್ನು ಬಯ್ದಷ್ಟೇ ಜೋರಾಗಿ ನಾಜಿ ಅರಬ್ ದೊರೆಗಳನ್ನೂ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ಮುಖಂಡರನ್ನೂ ಬಯ್ದರು. ನನಗೆ ಅವರು ದೊಡ್ಡವರೆನಿಸುವುದು ಇದಕ್ಕೇ. ಶತ್ರುವನ್ನು ಗೇಲಿ ಮಾಡಲು ಅಷ್ಟೇನು ಧೈರ್ಯ ಬೇಕಿಲ್ಲ, ಅಲ್ವಾ? 1987ರ ಜುಲೈ 22ರಂದು ಲಂಡನ್ನಿನಲ್ಲಿ, ಅಲ್ ಕಬಸ್ ಪತ್ರಿಕೆಯ ಕಚೇರಿ ಹೊರಗೆ, ಯಾರೋ ಅವರಿಗೆ ಗುಂಡು ಹೊಡೆದರು. ಆಗಸ್ಟ್ 29ಕ್ಕೆ ತೀರಿಕೊಂಡರು. ಕೊಲೆಗಾರನಿಗೆ ಇವತ್ತಿಗೂ ಶಿಕ್ಷೆಯಾಗಿಲ್ಲ.

ಕೀಚೈನ್ ಕೊಂಡು ಮತ್ತೆ ಗೋಡೆಯ ಬಳಿ ಬಂದೆ. ಹಂದಲಾನ ಬೆನ್ನ ಹಿಂದೆ ನಿಂತಾಗ ತಿಳಿಯಿತು. ಪತ್ರಿಕೆಯಲ್ಲಿ ಅವನು ನೋಡುವುದನ್ನೇ ಓದುಗನೂ ನೋಡಬೇಕು. ಇಲ್ಲಿ ನನ್ನೆದುರಿಗೂ ಅವನೆದುರಿಗೂ ಬರೀ ಕಾಂಕ್ರೀಟ್.

ಸಂಜೆ ವಾಪಸ್ ಬರುವಾಗ ಚೆಕ್‌ಪೋಸ್ಟಿನಲ್ಲಿ ಬಸ್ ನಿಂತಿತು. ಊರಿನ ಹುಡುಗರೆಲ್ಲ ಇಳಿದು ಸಾಲುಗಟ್ಟಿದರು. ನಾವು ವಿದೇಶಿಯರು, ಇಳಿಯಬೇಕಿರಲಿಲ್ಲ. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಕೂತೆ. ಕಿಟಕಿಯಿಂದ ನನಗೆ ಕಂಡದ್ದು ಅವರ ಬೆನ್ನುಗಳಷ್ಟೇ.