ದುರ್ಗದ ಮಹಡಿ ಮನೆಯೊಂದು ದೇಶದ ಲೆಕ್ಕಕ್ಕೆ ಸೇರಿದ್ದು

ಚಿತ್ರದುರ್ಗಕ್ಕೆ ಬರುವ ಪ್ರವಾಸಿಗರಲ್ಲಿ ಬಹಳಷ್ಟು ಜನ ಇಲ್ಲಿ ರಾತ್ರಿ ತಂಗುವುದಿಲ್ಲ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಇರುವ ಊರಾದ್ದರಿಂದ, ಬೆಳಿಗ್ಗೆ ಬಂದು ಏಳು ಸುತ್ತಿನ ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಊಟ ಮುಗಿಸಿದ ಕೂಡಲೇ ಹಂಪಿಯ ಕಡೆಗೋ ಬೆಂಗಳೂರಿನ ಕಡೆಗೋ ಹೊರಟುಬಿಡುತ್ತಾರೆ. ಚಂದ್ರವಳ್ಳಿಯ ಗುಹೆಗಳನ್ನೂ ಅಲ್ಲಿನ ಮಯೂರಶರ್ಮನ ಶಾಸನವನ್ನೂ ನೋಡುವವರು ಕಡಿಮೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳವರೆಗೆ ಹೋಗುವವರು ಇನ್ನೂ ಕಡಿಮೆ. ಇವನ್ನೆಲ್ಲ ನೆಮ್ಮದಿಯಾಗಿ ನೋಡಬೇಕಾದರೆ ಕನಿಷ್ಠ ಎರಡು ರಾತ್ರಿಯಾದರೂ ದುರ್ಗದಲ್ಲಿ ಉಳಿಯಬೇಕು. ಉಳಿದುಕೊಳ್ಳಲು ಮನೆಗಳು ಇಲ್ಲಿವೆ, ಆದರೆ ಅವು ಯಾವ ಲೆಕ್ಕದಲ್ಲೂ ಇಲ್ಲ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಸಂಗತಿ. ನಮ್ಮ ಮನೆಯ ಮಹಡಿಯ ಎರಡು ಕೋಣೆಗಳನ್ನು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ದಾಖಲೆಯಲ್ಲಿ ನೋಂದಾಯಿಸಲು ಮುಖ್ಯ ಕಾರಣ ಇದೇ. ಆ ಕೆಲಸ ಹೇಗೆ ನಡೆಯಿತು, ಅದರಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಇದೇ ಯೋಚನೆ ಇರುವವರಿಗಾಗಿ ಬರೆಯುತ್ತಿದ್ದೇನೆ.

ಈ ದಾಖಲೆಯ ಪೂರ್ಣ ಹೆಸರು ನ್ಯಾಷನಲ್ ಇಂಟಿಗ್ರೇಟೆಡ್ ಡೇಟಾಬೇಸ್ ಆಫ್ ಹಾಸ್ಪಿಟಾಲಿಟಿ ಇಂಡಸ್ಟ್ರಿ. ಎಲ್ಲರೂ ಕರೆಯುವುದು ನಿಧಿ ಪೋರ್ಟಲ್ ಎಂದು. ಹೋಟೆಲು, ರೆಸಾರ್ಟು, ಹೋಂಸ್ಟೇ, ಅತಿಥಿಗೃಹ ಹೀಗೆ ದೇಶದಲ್ಲಿ ಹಣ ಪಡೆದು ವಸತಿ ಕೊಡುವ ಎಲ್ಲ ಜಾಗಗಳನ್ನೂ ಒಂದೇ ಪಟ್ಟಿಗೆ ತರುವುದು ಇದರ ಉದ್ದೇಶ. ನೋಂದಣಿಗೆ ಶುಲ್ಕವಿಲ್ಲ, ಅದು ಮುಗಿದ ಮೇಲೆ ಆ ಜಾಗಕ್ಕೆ ಅದರದೇ ಆದ ಗುರುತಿನ ಸಂಖ್ಯೆ ಸಿಗುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ನನ್ನನ್ನು ಕೇಳಿದವರಲ್ಲಿ ಬಹುತೇಕರು ಇಲ್ಲಿಯೇ ತಡವರಿಸಿದ್ದಾರೆ. ನಿಧಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಮನೆಯನ್ನು ಅತಿಥಿಗಳಿಗೆ ಕೊಡಲು ಸರ್ಕಾರ ಪರವಾನಗಿ ಕೊಟ್ಟಂತೆ ಆಗುವುದಿಲ್ಲ. ರಾಜ್ಯ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ಮಾಡಿಸುವ ನೋಂದಣಿ ಬೇರೆ, ನಗರಸಭೆ ಅಥವಾ ಪಂಚಾಯಿತಿಯಲ್ಲಿ ಆಗಬೇಕಾದ ಕೆಲಸ ಬೇರೆ, ಪೊಲೀಸ್ ಠಾಣೆಯ ಪರಿಶೀಲನೆ ಬೇರೆ. ಕೇಂದ್ರ ಸಚಿವಾಲಯದಲ್ಲಿಯೇ ಇನ್ನೊಂದು ಮೆಟ್ಟಿಲಿದೆ: ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್, ಹೋಂಸ್ಟೇ ಯೋಜನೆಯಡಿ ಮನೆಯನ್ನು ಪರಿಶೀಲಿಸಿ ಗೋಲ್ಡ್ ಅಥವಾ ಸಿಲ್ವರ್ ಎಂದು ವರ್ಗೀಕರಿಸುವುದು. ಅದು ಐಚ್ಛಿಕ. ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಗಳು ಒಂದರಿಂದ ಆರರವರೆಗೆ ಮಾತ್ರ ಇರಬೇಕು, ಹಾಸಿಗೆಗಳು 12ನ್ನು ಮೀರಬಾರದು, ಮಾಲೀಕರು ಕುಟುಂಬದೊಂದಿಗೆ ಅದೇ ಮನೆಯಲ್ಲಿ ವಾಸವಾಗಿರಬೇಕು ಎಂಬುದು ಆ ಯೋಜನೆಯ ಮೂಲ ಷರತ್ತು. ಬೆಂಗಳೂರಿನಲ್ಲಿ ಕುಳಿತು ದುರ್ಗದಲ್ಲಿರುವ ಖಾಲಿ ಮನೆಯನ್ನು ಬಾಡಿಗೆಗೆ ಬಿಡುವವರಿಗೆ ಈ ವರ್ಗೀಕರಣ ಸಿಗುವುದಿಲ್ಲ. ಈ ಷರತ್ತು ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಅತಿಥಿಗೆ ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಬಂದರೆ ಬಾಗಿಲು ತಟ್ಟಲು ಕೆಳಗಿನ ಮನೆಯಲ್ಲಿ ಯಾರಾದರೂ ಇರಬೇಕು.

ಪೋರ್ಟಲ್ಲಿನಲ್ಲಿ ವಿವರ ತುಂಬುವುದು ಕಷ್ಟದ ಕೆಲಸವಲ್ಲ. ಮಾಲೀಕರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಇಮೇಲ್, ಎಷ್ಟು ಕೋಣೆ, ಯಾವ ಬಗೆಯ ವಸತಿ, ಇಷ್ಟೇ. ಶ್ರಮವೆಲ್ಲ ಇರುವುದು ಅದಕ್ಕೆ ಮೊದಲು, ಮನೆಯ ಕಾಗದಪತ್ರಗಳೆಲ್ಲ ಒಂದೇ ಮಾತನ್ನು ಹೇಳುವಂತೆ ಮಾಡುವುದರಲ್ಲಿ. ನಮ್ಮ ಮನೆ ಮಾವನವರ ಹೆಸರಿನಲ್ಲಿದೆ. ಹಳೆಯ ಖಾತೆಯಲ್ಲಿ ಅವರ ಹೆಸರಿನ ಹಿಂದೆ ಊರಿನ ಮೊದಲಕ್ಷರವಿತ್ತು, ಆಧಾರ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರವಿತ್ತು, ಬೆಸ್ಕಾಂ ಬಿಲ್ಲಿನಲ್ಲಿ ಎರಡೂ ಇಲ್ಲದೆ ಬರೀ ಹೆಸರಿತ್ತು, ಅದೂ ಒಂದು ಅಕ್ಷರ ತಪ್ಪಾಗಿ. ನಮ್ಮ ಕಡೆಯ ಹಿರಿಯರಲ್ಲಿ ಇದು ತೀರಾ ಸಾಮಾನ್ಯ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಒಂದು, ರೇಷನ್ ಕಾರ್ಡಿನಲ್ಲಿ ಬಂದದ್ದು ಇನ್ನೊಂದು, ಬ್ಯಾಂಕಿನಲ್ಲಿ ಉಳಿದದ್ದು ಮತ್ತೊಂದು. ದಿನನಿತ್ಯದ ಬದುಕಿಗೆ ಇದರಿಂದ ಏನೂ ತೊಂದರೆಯಾಗದಿದ್ದರೂ, ನಗರಸಭೆಯ ಇ-ಖಾತೆ, ರಾಜ್ಯ ಇಲಾಖೆಯ ಅರ್ಜಿ ಮತ್ತು ಕೇಂದ್ರದ ಪೋರ್ಟಲ್ ಮೂರರಲ್ಲೂ ಒಂದೇ ಮನೆಯನ್ನು ತೋರಿಸಬೇಕಾದಾಗ ಈ ಮೂವರೂ ಒಬ್ಬರೇ ಎಂದು ಸಾಬೀತುಪಡಿಸುವುದು ಸುಲಭವಲ್ಲ.

ಇ-ಖಾತೆ ಮಾಡಿಸಲು ಹೋದಾಗ ಒಂದು ಕಚೇರಿಯಲ್ಲಿ ನಮ್ಮ ಮಾವನವರನ್ನು, ಎಪ್ಪತ್ತು ದಾಟಿದ ಮನುಷ್ಯರನ್ನು, 'ನಾಳೆ ಬನ್ನಿ' ಎಂದು ಮತ್ತೆ ಮತ್ತೆ ವಾಪಸ್ ಕಳುಹಿಸಿದ್ದು ನನಗೆ ಇಂದಿಗೂ ನೋವಿನ ವಿಷಯ. ಯಾವ ಕಾಗದ ಬೇಕೆಂದು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಸಾಕಿತ್ತು. ಕೊನೆಗೆ ಒಂದೇ ವ್ಯಕ್ತಿ ಎಂಬ ಅಫಿಡವಿಟ್ ಮಾಡಿಸಿ, ಕರೆಂಟ್ ಬಿಲ್ಲಿನ ಹೆಸರನ್ನು ತಿದ್ದಿಸಿ, ಮನೆ ಕಂದಾಯದ ಬಾಕಿ ತೀರಿಸಿದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು. ಆದ್ದರಿಂದ ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ಪೋರ್ಟಲ್ ತೆರೆಯುವ ಮುಂಚೆ ಖಾತೆ, ಆಧಾರ್, ಪ್ಯಾನ್, ಕರೆಂಟ್ ಬಿಲ್ಲು ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ಒಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹೆಸರನ್ನೂ ವಿಳಾಸವನ್ನೂ ಅಕ್ಷರ ಅಕ್ಷರವಾಗಿ ಓದಿ ನೋಡಬೇಕು. ಮನೆ ಇನ್ನೂ ತೀರಿಹೋದವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸುವುದು ಎಲ್ಲಕ್ಕಿಂತ ಮೊದಲಿನ ಕೆಲಸ.

ಕೋಟೆಯ ಆಸುಪಾಸಿನಲ್ಲಿ ಮನೆ ಇರುವವರು ಇನ್ನೊಂದು ಕಾನೂನನ್ನು ತಿಳಿದಿರಲೇಬೇಕು. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗಿನದು ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ಅನುಮತಿ ಪಡೆಯಬೇಕು. ದುರಸ್ತಿ, ನವೀಕರಣಕ್ಕೂ ಅನುಮತಿ ಬೇಕು. ರಂಗಯ್ಯನ ಬಾಗಿಲಿನಿಂದ ಕೋಟೆಯ ಕಡೆಗೆ ಹೋಗುವ ಬೀದಿಗಳಲ್ಲಿರುವ ಅನೇಕ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲಿನಲ್ಲಿದೆ. ಕೇಂದ್ರದ ವರ್ಗೀಕರಣವಾದರೋ ಪ್ರತಿ ಕೋಣೆಗೂ ಹೊಂದಿಕೊಂಡ ಬಚ್ಚಲು, ಪಾಶ್ಚಾತ್ಯ ಮಾದರಿಯ ಶೌಚಾಲಯ, ಹೊತ್ತು ಹೊತ್ತಿಗೂ ಬಿಸಿನೀರು ತಣ್ಣೀರು ಇರಬೇಕೆಂದು ಕೇಳುತ್ತದೆ. ಒಂದು ಇಲಾಖೆ ಬಚ್ಚಲು ಕಟ್ಟಿ ಎನ್ನುತ್ತದೆ, ಇನ್ನೊಂದು ಇಲಾಖೆ ಕೇಳದೆ ಇಟ್ಟಿಗೆ ಇಡಬೇಡಿ ಎನ್ನುತ್ತದೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಕೋಟೆಯ ಬುಡದಲ್ಲಿ ಮನಬಂದಂತೆ ಮಹಡಿ ಎಬ್ಬಿಸಿದರೆ, ಕೋಟೆ ನೋಡಲೆಂದೇ ಬಂದವರಿಗೆ ಕಿಟಕಿಯಿಂದ ಕಾಣುವುದು ಸಿಮೆಂಟಿನ ಗೋಡೆ ಮಾತ್ರ. ಇರುವ ಗೋಡೆಗಳೊಳಗೇ ಒಂದು ಕೋಣೆಯ ಮೂಲೆಯನ್ನು ಬಚ್ಚಲಾಗಿ ಮಾಡಿಕೊಳ್ಳುವ ಯೋಚನೆ ಇದ್ದರೂ ಅನುಮತಿಯ ಅರ್ಜಿಯನ್ನು ಮೊದಲು ಹಾಕಿ, ಒಪ್ಪಿಗೆ ಬಂದ ಮೇಲೆಯೇ ಗಾರೆ ಕೆಲಸದವರನ್ನು ಕರೆಯಬೇಕು.

ವರ್ಗೀಕರಣಕ್ಕೆ ಅರ್ಜಿ ಹಾಕುವ ಆಸೆ ಇಲ್ಲದವರೂ ಅದರ ಷರತ್ತುಗಳ ಪಟ್ಟಿಯನ್ನು ಒಮ್ಮೆ ಓದುವುದು ಒಳ್ಳೆಯದು. ಅದನ್ನು ಕೈಯಲ್ಲಿ ಹಿಡಿದು ನಾನೂ ನಮ್ಮ ಅತ್ತೆಯವರೂ ಮಹಡಿ ಹತ್ತಿದ ಮೇಲೆ, ವರ್ಷಗಟ್ಟಲೆ ನೋಡಿದ್ದ ಕೋಣೆಗಳೇ ಬೇರೆಯಾಗಿ ಕಂಡವು. ಪಡುವಣ ಗೋಡೆಯ ಬುಡದಲ್ಲಿ ಒಂದು ಗೇಣಿನಷ್ಟು ಸುಣ್ಣ ಉಬ್ಬಿ ಪುಡಿಯಾಗಿ ಉದುರುತ್ತಿತ್ತು. ಮಳೆಗಾಲದ ಥಂಡಿ ಎಂದು ಪ್ರತಿವರ್ಷ ಅದರ ಮುಂದೆ ಟ್ರಂಕು ಸರಿಸಿ ಮುಚ್ಚುತ್ತಿದ್ದೆವು. ಟೆರೇಸಿನ ನೀರು ಇಳಿಯುವ ಪೈಪಿನ ಕೀಲು ಬಿಟ್ಟಿದ್ದು ಅದಕ್ಕೆ ಕಾರಣವೆಂದು ತಿಳಿದದ್ದು ಟ್ರಂಕು ಎತ್ತಿ ನೋಡಿದಾಗಲೇ. ಹೊಗೆ ಪತ್ತೆ ಹಚ್ಚುವ ಉಪಕರಣ, ಹತ್ತಿರದ ವೈದ್ಯರ ಹೆಸರು ಮತ್ತು ಫೋನ್ ನಂಬರು, ಅತಿಥಿಗಳು ಬಂದು ಹೋದದ್ದನ್ನು ಬರೆದಿಡುವ ರಿಜಿಸ್ಟರು, ಕಸ ವಿಲೇವಾರಿಯ ವ್ಯವಸ್ಥೆ ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ವೈದ್ಯರ ನಂಬರುಗಳನ್ನು ಅತ್ತೆಯವರು ತಮ್ಮ ದುಂಡು ಅಕ್ಷರದಲ್ಲಿ ಕನ್ನಡದಲ್ಲಿ ಬರೆದರು, ಅದರ ಕೆಳಗೆ ನನ್ನ ಮಗಳು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದಳು. ಆ ಹಾಳೆ ಈಗ ಎರಡೂ ಕೋಣೆಗಳ ಬಾಗಿಲ ಹಿಂದೆ ಇದೆ.

ವಿದೇಶಿ ಅತಿಥಿಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಯಾರೇ ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ, ಅವರು ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್ ಮತ್ತು ವೀಸಾ ವಿವರವನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕು. ಫಾರ್ಮ್ ಸಿ ಎಂದೇ ಇದು ಎಲ್ಲರ ಬಾಯಲ್ಲಿ ರೂಢಿಯಾಗಿದೆ. ನಮ್ಮಂಥ ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಾಧಿಕಾರಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿಯೂ ವಸತಿ ಕೊಡುವವರ ಮೇಲಿನ ಈ ಹೊಣೆ ಮುಂದುವರಿದಿದೆ. ಹಂಪಿಗೆ ಹೋಗುವ ಹಾದಿಯಲ್ಲಿ ಬೈಕು, ಸೈಕಲ್ ಏರಿದ ವಿದೇಶಿಯರು ದುರ್ಗದಲ್ಲಿ ಇಳಿಯುವುದುಂಟು. ಒಂದೇ ರಾತ್ರಿ ತಾನೇ ಎಂದು ವಿವರ ಕಳುಹಿಸದೆ ಬಿಡುವುದು ಅಪರಾಧ.

ತೆರಿಗೆಯ ಭಯ ಅನೇಕರಿಗಿದೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಎರಡು ಕೋಣೆಯ ಮನೆ ಆ ಮೊತ್ತದ ಹತ್ತಿರಕ್ಕೂ ಬರುವುದಿಲ್ಲ. ಬುಕಿಂಗ್ ಜಾಲತಾಣಗಳ ಮೂಲಕ ಬರುವ ಅತಿಥಿಗಳಾದರೆ, ಇಂಥ ಸಣ್ಣ ಮನೆಗಳ ಪರವಾಗಿ ಜಿಎಸ್‌ಟಿ ಕಟ್ಟುವ ಹೊಣೆ ಆ ಜಾಲತಾಣದ್ದೇ. ಬಾಡಿಗೆಯ ಆದಾಯವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ನೋಂದಣಿ ಮಾಡಿಸದವರೂ ಅದನ್ನು ತೋರಿಸಲೇಬೇಕಾದದ್ದು.

ಬೇರೆ ದೇಶಗಳಲ್ಲಿ ಈ ಕೆಲಸ ಐಚ್ಛಿಕವಾಗಿ ಉಳಿದಿಲ್ಲ. ಇಟಲಿಯಲ್ಲಿ 2025ರ ಜನವರಿ 1ರಿಂದ ಅಲ್ಪಾವಧಿ ಬಾಡಿಗೆಯ ಪ್ರತಿ ಮನೆಗೂ ರಾಷ್ಟ್ರೀಯ ಗುರುತಿನ ಸಂಕೇತ ಕಡ್ಡಾಯವಾಗಿದೆ; ಅದನ್ನು ಕಟ್ಟಡದ ಹೊರಗೂ ಜಾಹೀರಾತಿನಲ್ಲೂ ತೋರಿಸಬೇಕು. ಸ್ಪೇನಿನಲ್ಲಿ 2025ರ ಜುಲೈ 1ರಿಂದ ನೋಂದಣಿ ಸಂಖ್ಯೆ ಇಲ್ಲದ ಮನೆಯನ್ನು ಜಾಲತಾಣಗಳಲ್ಲಿ ಹಾಕುವಂತಿಲ್ಲ. ಅಲ್ಲಿನ ಚಿಂತೆ ನಮ್ಮದಕ್ಕಿಂತ ಭಿನ್ನ: ಪ್ರವಾಸಿಗರಿಗೆ ಮನೆ ಕೊಟ್ಟು ಕೊಟ್ಟು ಊರಿನವರಿಗೇ ಬಾಡಿಗೆ ಮನೆ ಸಿಗದಂತಾಗಿದೆ ಎಂಬುದು ಆ ನಗರಗಳ ದೂರು. ದುರ್ಗದಲ್ಲಿ ಆ ಸ್ಥಿತಿ ಇಲ್ಲ. ಆದರೂ ಕಡ್ಡಾಯದ ವಿಷಯದಲ್ಲಿ ನಾನು ಅವರ ಪಕ್ಷವೇ. ನೋಂದಣಿ ಇಚ್ಛೆಗೆ ಬಿಟ್ಟದ್ದಾದಾಗ ದೊಡ್ಡ ಹೋಟೆಲುಗಳೂ ಕೊಡಗು, ಚಿಕ್ಕಮಗಳೂರಿನಂಥ ಪ್ರವಾಸಿ ಜಿಲ್ಲೆಗಳ ಮನೆಗಳೂ ಪಟ್ಟಿಯಲ್ಲಿ ತುಂಬಿಕೊಳ್ಳುತ್ತವೆ, ಬಯಲುಸೀಮೆಯ ಮನೆಗಳು ಹೊರಗೇ ಉಳಿಯುತ್ತವೆ. ಪಟ್ಟಿ ನೋಡಿ ಯೋಜನೆ ಮಾಡುವವರಿಗೆ ನಮ್ಮ ಜಿಲ್ಲೆ ಹಾದುಹೋಗುವ ದಾರಿಯಾಗಿ ಕಾಣುತ್ತದೆಯೇ ಹೊರತು ತಂಗುವ ಊರಾಗಿ ಕಾಣುವುದಿಲ್ಲ. 2022ರಲ್ಲಿ 89 ವರ್ಷಗಳ ಬಳಿಕ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರಿನ ಕಡೆಗೆ ಜನ ಹರಿದುಬಂದದ್ದನ್ನು ನೆನೆಸಿಕೊಳ್ಳಿ. ಆ ಜನರಲ್ಲಿ ಒಂದು ಪಾಲಾದರೂ ಇಲ್ಲಿಯೇ ಉಳಿದು, ಮರುದಿನ ಕೋಟೆ ನೋಡಿ, ಮೊಳಕಾಲ್ಮೂರಿನ ಸೀರೆ ಕೊಂಡು ಹೋಗುವಂತೆ ಮಾಡಬೇಕಾದರೆ ಎಲ್ಲಿ ಎಷ್ಟು ಹಾಸಿಗೆ ಇದೆ ಎಂಬುದು ಮೊದಲು ಯಾರಿಗಾದರೂ ಗೊತ್ತಿರಬೇಕು.

ಸಾಲದ ವಿಷಯದಲ್ಲೂ ದಾಖಲೆ ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ನನ್ನದು. 2025-26ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುವ ಘೋಷಣೆಯಾಗಿದೆ. ಬ್ಯಾಂಕಿನ ಮೇಜಿನ ಮುಂದೆ ಕುಳಿತು, ನಮ್ಮದೂ ಒಂದು ಹೋಂಸ್ಟೇ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ಸರ್ಕಾರದ ಸಂಖ್ಯೆಯೊಂದನ್ನು ತೋರಿಸುವುದಕ್ಕೂ ವ್ಯತ್ಯಾಸವಿದೆ.

ನನಗೆ ಕಾಣುವ ದೊಡ್ಡ ಕೊರತೆ ಎಂದರೆ, ಈ ಇಡೀ ವ್ಯವಸ್ಥೆ ಇಮೇಲ್, ಒಟಿಪಿ, ಇಂಗ್ಲಿಷು ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರು ನಮ್ಮ ಊರಿನಲ್ಲಿ ಬೀದಿ ಬೀದಿಯಲ್ಲೂ ಇದ್ದಾರೆ. ಖಾಲಿ ಕೋಣೆಗಳಿವೆ, ಅಡುಗೆಯ ಕೈಯಿದೆ, ಬಂದವರೊಡನೆ ಮಾತಾಡುವ ಆಸೆಯಿದೆ. ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ವಾರಕ್ಕೊಂದು ದಿನ, ಕಾಗದಗಳನ್ನು ತಂದವರಿಗೆ ಕನ್ನಡದಲ್ಲಿ ವಿವರಿಸಿ, ಅಲ್ಲಿಯೇ ಅರ್ಜಿ ತುಂಬಿಕೊಡುವ ಒಬ್ಬ ಸಿಬ್ಬಂದಿಯನ್ನು ಕೂರಿಸಿದರೆ ಇಂಥ ಎಷ್ಟೋ ಮನೆಗಳು ಪಟ್ಟಿಗೆ ಬರುತ್ತವೆ. ಈ ಮನವಿಯನ್ನು ಬರವಣಿಗೆಯಲ್ಲಿ ಕೊಟ್ಟಿದ್ದೇನೆ.

ಸದ್ಯಕ್ಕೆ ಬುರುಜನಹಟ್ಟಿಯಲ್ಲಿರುವ ನಮ್ಮ ಚಿಕ್ಕತ್ತೆಯವರ ಮನೆಯ ಕಾಗದಗಳನ್ನು ಜೋಡಿಸುತ್ತಿದ್ದೇನೆ. ಮನೆ ಇನ್ನೂ ಅವರ ಯಜಮಾನರ ಹೆಸರಿನಲ್ಲೇ ಇರುವುದರಿಂದ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದಾಗಿದೆ. ಅದು ಕೈಗೆ ಬಂದ ಮೇಲೆ ಪೋರ್ಟಲ್ಲಿನ ಕೆಲಸ. ಇದೇ ದಾರಿಯಲ್ಲಿರುವವರು ತಮ್ಮ ಕಾಗದ ಎಲ್ಲಿ ನಿಂತಿದೆ ಎಂದು ಬರೆದು ತಿಳಿಸಿದರೆ, ನನಗೆ ತಿಳಿದಷ್ಟನ್ನು ಖಂಡಿತ ಹೇಳುತ್ತೇನೆ.