ಕ್ಯಾನನ್‌ಗೇಟಿನ ಅಣ್ಣ

ಕಟಕ್ ರೊಟ್ಟಿಗಳು ಧಾರವಾಡದಿಂದ ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ತನಕ ಒಂದೂ ಮುರಿಯದೆ ಬಂದಿದ್ದವು. ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವ ಟ್ರಾಮಿನಲ್ಲಿ ಚೀಲ ಜಾರಿ ಬಿದ್ದು ಎಲ್ಲಾ ಚೂರಾದವು. ಅವ್ವ ಎರಡು ದಿನ ಒಲೆ ಮುಂದೆ ಕೂತು ಬಡಿದ ರೊಟ್ಟಿ. ಆ ಚೂರುಗಳನ್ನೇ ಶೇಂಗಾ ಹಿಂಡಿ ಜೊತೆ ನಾಲ್ಕು ವಾರ ತಿಂದೆ.

ನನ್ನನ್ನು ಅಲ್ಲಿಗೆ ಕರೆತಂದದ್ದು ಎಂ.ಎ. ಕೊನೆಯ ವರ್ಷದಲ್ಲಿ ಸಿಕ್ಕ ಕವಿತೆಯ ಫೆಲೋಶಿಪ್. ಹತ್ತು ಕವಿತೆ, ಅವುಗಳ ಇಂಗ್ಲಿಷ್ ಅನುವಾದ, ನಾನೇ ಓದಿದ ಧ್ವನಿಮುದ್ರಣ ಕೇಳಿದ್ದರು. ಒಂಬತ್ತು ಕವಿತೆ ಪುಸ್ತಕದ ಕನ್ನಡದಲ್ಲಿದ್ದವು. ಹತ್ತನೆಯದು ಮಾತ್ರ ನಮ್ಮೂರಿನ ಮಾತಿನಲ್ಲಿ, ಅವ್ವ ಹತ್ತಿ ಬಿಡಿಸುತ್ತಾ ಆಡುವ ಮಾತಿನಲ್ಲಿತ್ತು. ಲೆಕ್ಕ ತುಂಬಲಿ ಅಂತ ಕೊನೆಗೆ ಸೇರಿಸಿದ್ದೆ. ಆಯ್ಕೆಯಾದ ಪತ್ರದಲ್ಲಿ ಅವರು ಹೆಸರು ಹಿಡಿದು ಹೇಳಿದ್ದು ಅದೊಂದನ್ನೇ.

ಹೊರಡುವ ಹಿಂದಿನ ದಿನ ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಗಿರೀಶ ಕಾರ್ನಾಡರು ರೋಡ್ಸ್ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡ್‌ಗೆ ಹೋದದ್ದು 1960ರಲ್ಲಿ. ಇಂಗ್ಲಿಷಿನಲ್ಲಿ ಕವಿಯಾಗಬೇಕು ಅಂತ ಕನಸು ಕಂಡಿದ್ದವರು ಅವರು. ಆದರೆ ಹೊರಡುವ ಹೊತ್ತಿಗೆ ಬರೆದದ್ದು ‘ಯಯಾತಿ’, ಅದೂ ಕನ್ನಡದಲ್ಲಿ. 1961ರಲ್ಲಿ ಇದೇ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ದೂರ ಹೋಗುವಾಗ ಬಾಯಿಗೆ ಬರುವುದು ಮನೆಮಾತೇ ಇರಬೇಕು ಅನ್ನಿಸಿತು.

ಅಕ್ಟೋಬರ್ ತಿಂಗಳು. ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡಡ್ಡ ಬೀಸುವುದೇ ಜಾಸ್ತಿ. ಕೊಡೆ ಎರಡನೇ ದಿನಕ್ಕೇ ಕಡ್ಡಿ ಮುರಿದುಕೊಂಡಿತು. ಕೋಟೆಯಿಂದ ಇಳಿಯುವ ರಾಯಲ್ ಮೈಲ್ ರಸ್ತೆಯ ಎರಡೂ ಬದಿಗೆ ಸಣ್ಣ ಸಣ್ಣ ಕಲ್ಲಿನ ಸಂದಿಗಳಿವೆ. ಅಲ್ಲಿಯವರು ‘ಕ್ಲೋಸ್’ ಅನ್ನುತ್ತಾರೆ. ನನಗೆ ನಮ್ಮ ಓಣಿಗಳೇ ನೆನಪಾದವು. ಇಳಿಜಾರಿನ ಕೊನೆಯ ಭಾಗ ಕ್ಯಾನನ್‌ಗೇಟ್. ಅಲ್ಲೇ ಒಂದು ಸಂದಿಯೊಳಗೆ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಇದೆ. ಬರೀ ಕವಿತೆಗೆ ಅಂತಲೇ ಒಂದು ಗ್ರಂಥಾಲಯ! 1984ರಲ್ಲಿ ಇದನ್ನು ಶುರು ಮಾಡಿದ ಕವಿ ಟೆಸ್ಸಾ ರಾನ್ಸ್‌ಫೋರ್ಡ್ ಹುಟ್ಟಿದ್ದು ಮುಂಬೈಯಲ್ಲಿ. ಇದು ಗೊತ್ತಾದ ಮೇಲೆ ಆ ಮನೆ ಇನ್ನೂ ಹತ್ತಿರವಾಯಿತು.

ಅಲ್ಲಿ ಪರಿಚಯವಾದ ಹಿರಿಯ ಹೆಂಗಸೊಬ್ಬರು ಒಂದು ಮಧ್ಯಾಹ್ನ ಡಬ್ಬಿ ತೆಗೆದು ಓಟ್‌ಕೇಕ್ ಕೊಟ್ಟರು. ಹೆಸರು ಕೇಕ್, ಆದರೆ ಸಿಹಿ ಇಲ್ಲ. ತೆಳ್ಳಗೆ, ಒಣಗಿ, ಬಾಯಲ್ಲಿ ಕಟಕ್ ಅಂತು. ನಾನು ನನ್ನ ರೊಟ್ಟಿ ಚೂರನ್ನು ಅವರ ಕೈಗಿಟ್ಟೆ. ಇಬ್ಬರೂ ಸುಮ್ನೆ ಅಗಿಯುತ್ತಾ ಕೂತೆವು. ಆಮೇಲೆ ಅವರು ಒಂದು ಪುಸ್ತಕ ತೆಗೆದು ಓದತೊಡಗಿದರು. ಇಂಗ್ಲಿಷ್ ಇದ್ದಂತೆ ಇತ್ತು, ಇಂಗ್ಲಿಷ್ ಆಗಿರಲಿಲ್ಲ. ರಕಾರ ನಾಲಿಗೆ ಮೇಲೆ ಉರುಳುತ್ತಿತ್ತು, ಗಂಟಲಿನಿಂದ ಉಜ್ಜಿಕೊಂಡು ಬರುವ ಸದ್ದಿತ್ತು. ಅದು ಸ್ಕಾಟ್ಸ್ ಭಾಷೆ. ಕವಿ ರಾಬರ್ಟ್ ಫರ್ಗ್ಯುಸನ್.

ಅವನ ಕಥೆ ಕೇಳಿದ ಮೇಲೆ ಬೇರೆ ಯಾವ ಜಾಗ ನೋಡುವ ಆಸೆಯೂ ನನಗೆ ಉಳಿಯಲಿಲ್ಲ. ವಿದ್ಯಾರ್ಥಿವೇತನ ಸಿಕ್ಕಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಹುಡುಗ. ತಂದೆ ತೀರಿದ ಮೇಲೆ, 1768ರಲ್ಲಿ, ಪದವಿ ಮುಗಿಸದೆ ತಾಯಿಯ ಹತ್ತಿರ ವಾಪಸ್ ಬಂದ. ಕಚೇರಿಯಲ್ಲಿ ಕಾಗದ ನಕಲು ಮಾಡುವ ಕೆಲಸಕ್ಕೆ ಸೇರಿದ. ಮೊದಲು ಅಚ್ಚಾದ ಕವಿತೆಗಳು ಆಗಿನ ಇಂಗ್ಲಿಷ್ ಕವಿಗಳ ಹಾದಿಯಲ್ಲೇ ಇದ್ದವು. 1772ರ ಆರಂಭದಲ್ಲಿ ಊರಿನ ಮಾತಿನಲ್ಲಿ, ಸ್ಕಾಟ್ಸ್‌ನಲ್ಲಿ, ಒಂದು ಕವಿತೆ ಪ್ರಕಟಿಸಿದ. ಊರು ಕಿವಿ ನಿಮಿರಿಸಿತು. ಮೀನಿನ ವಾಸನೆ, ಹೊಗೆ, ಸಾರಾಯಿ ಅಂಗಡಿ ಎಲ್ಲವೂ ಅವನ ಎಡಿನ್‌ಬರ್ಗಿನಲ್ಲಿವೆ. ಆದರೆ ಅವನಿಗೆ ಸಿಕ್ಕಿದ್ದು ಎರಡು ಎರಡೂವರೆ ವರ್ಷ ಅಷ್ಟೇ. ಮನಸ್ಸಿನ ಕಾಯಿಲೆಯಾಗಿ 1774ರ ಅಕ್ಟೋಬರಿನಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. 24 ವರ್ಷ. ನನಗೂ ಈಗ ಅಷ್ಟೇ.

ಕ್ಯಾನನ್‌ಗೇಟ್ ಚರ್ಚಿನ ಗೇಟಿನ ಹೊರಗೆ ಅವನ ಕಂಚಿನ ಪ್ರತಿಮೆ ಇದೆ. ಕಟ್ಟೆ ಇಲ್ಲ, ಕಂಬಿ ಬೇಲಿ ಇಲ್ಲ. ಫುಟ್‌ಪಾತಿನ ಮೇಲೆ, ಕೈಯಲ್ಲಿ ಪುಸ್ತಕ ಹಿಡಿದು ಬೀಸು ಹೆಜ್ಜೆ ಹಾಕುತ್ತಿದ್ದಾನೆ. ಜನ ಅವನ ಭುಜ ಸವರಿಕೊಂಡೇ ಹೋಗುತ್ತಾರೆ. ನಾನೂ ಪಕ್ಕ ನಿಂತೆ. ಕೋಟಿನ ಮಡಿಕೆಯಲ್ಲಿ ಮಳೆನೀರು ನಿಂತಿತ್ತು.

ಸಮಾಧಿ ಒಳಗಿದೆ. ಸುಮಾರು ಹದಿನೈದು ವರ್ಷ ಅದರ ಮೇಲೆ ಒಂದು ಕಲ್ಲೂ ಇರಲಿಲ್ಲ. ಎಡಿನ್‌ಬರ್ಗಿಗೆ ಬಂದ ಇನ್ನೊಬ್ಬ ಸ್ಕಾಟ್ಸ್ ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಚರ್ಚಿನವರಿಗೆ ಪತ್ರ ಬರೆದು, ಕಲ್ಲು ಹಾಕಿಸಲು ಅನುಮತಿ ಕೇಳಿದ. ಕಲ್ಲು ನಿಂತದ್ದು 1789ರಲ್ಲಿ. ಅದರ 5 ಪೌಂಡ್ 10 ಶಿಲಿಂಗ್ ತೀರಿಸಲು ಬರ್ನ್ಸನಿಗೆ 1792 ಬರಬೇಕಾಯಿತು. ಆತ ಫರ್ಗ್ಯುಸನ್ನನನ್ನು ಅಣ್ಣ ಅಂತ ಕರೆದಿದ್ದಾನೆ. ಕಷ್ಟದಲ್ಲೂ ಅಣ್ಣ, ಕವಿತೆಯಲ್ಲಂತೂ ದೊಡ್ಡಣ್ಣ. ಮುಖ ನೋಡದವನ ಸಮಾಧಿಗೆ ಸಾಲ ಮಾಡಿದ ಆ ತಮ್ಮನ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

“ಎಷ್ಟು ವಯಸ್ಸಾಗಿತ್ತಂತ ಅವಂಗ?”

“ಇಪ್ಪತ್ನಾಕು.”

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ನಮ್ಮ ಎಮ್ಮೆ ಕೂಗಿದ್ದು ಕೇಳಿಸಿತು.

“ತಾಯಿ ಇದ್ಲೇನು?”

“ಇದ್ಲು ಬೇ.”

“ನಾಳೆ ಹೋಗಿ ಒಂದು ಹೂವಿಟ್ಟು ಬಾ ಯವ್ವಾ. ನನ್ನ ಹೆಸರೀಲೆ.”

ಬೆಳಿಗ್ಗೆ ಅಂಗಡಿಯಲ್ಲಿ ಬಿಳಿ ಸೇವಂತಿಗೆ ಸಿಕ್ಕಿತು. ನಮ್ಮಲ್ಲಿ ದೀಪಾವಳಿಗೆ ತರುವಂಥದ್ದೇ. ಚರ್ಚಿನ ಅಂಗಳದಲ್ಲಿ ಯಾರೂ ಇರಲಿಲ್ಲ. ಹೂವನ್ನು ಕಲ್ಲಿನ ಬುಡದಲ್ಲಿಟ್ಟು, ಗಾಳಿಗೆ ಹಾರದಿರಲಿ ಅಂತ ದೇಟಿನ ಮೇಲೆ ಒಂದು ಹರಳು ಇಟ್ಟೆ. ಆಮೇಲೆ ಆ ಹತ್ತನೇ ಕವಿತೆಯನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದೆ.