ಆಲೂಗಡ್ಡೆಗೆ ಬ್ಲೈಟ್ ಬಡಿದ ಶನಿವಾರ

ಇಂಗ್ಲೆಂಡಲ್ಲಿ ತರಕಾರಿ ಬೆಳೀತೀನಿ ಅಂದ್ರೆ ಊರಲ್ಲಿರೋರೆಲ್ಲ ಮೊದಲು ಕೇಳೋದು ಮನೆ ಹಿಂದೆ ಎಷ್ಟು ಜಾಗ ಇದೆ ಅಂತ. ಮನೆ ಹಿಂದೆ ಬಟ್ಟೆ ಒಣಗಾಕೋ ಹಗ್ಗ ಕಟ್ಟಿದ್ರೆ ಅಲ್ಲಿಗೆ ಜಾಗ ಮುಗೀತು. ನಾನು ಬೆಳೆಯೋದು ಅಲಾಟ್‌ಮೆಂಟಲ್ಲಿ, ಅಂದ್ರೆ ಕೌನ್ಸಿಲಿಗೆ ಸೇರಿದ ಒಂದು ಬಯಲನ್ನ ಪಟ್ಟಿ ಪಟ್ಟಿ ಮಾಡಿ ಜನಕ್ಕೆ ವರ್ಷದ ಬಾಡಿಗೆಗೆ ಕೊಡ್ತಾರಲ್ಲ, ಅದರಲ್ಲಿ. ಹೆಸರು ಬರೆಸಿ ವೇಟಿಂಗ್ ಲಿಸ್ಟಲ್ಲಿ ವರ್ಷಗಟ್ಟಲೆ ಕಾದ್ಮೇಲೆ ಸಿಕ್ಕಿದ್ದು, ಅದೂ ಅರ್ಧ ಪ್ಲಾಟ್. ಅಳತೆ ಈಗಲೂ ಹಳೇ ಕಾಲದ ರಾಡ್ ಲೆಕ್ಕದಲ್ಲೇ ನಡೆಯುತ್ತೆ, ಪೂರ್ತಿ ಪ್ಲಾಟ್ ಅಂದ್ರೆ 10 ರಾಡ್, ಹತ್ತತ್ರ 250 ಚದರ ಮೀಟರ್. ಎಕರೆಗೆ 160 ರಾಡ್, ನಮ್ಮ ಕಡೆ ಎಕರೆಗೆ 40 ಗುಂಟೆ, ಹಾಗಾಗಿ ನಾಲ್ಕು ರಾಡಿಗೆ ಸರಿಯಾಗಿ ಒಂದು ಗುಂಟೆ, ನಂದು ಒಂದೂಕಾಲು ಗುಂಟೆ. ಅಪ್ಪನಿಗೆ ಫೋನಲ್ಲಿ ಇದನ್ನ ಹೇಳಿದಾಗ "ಅದರಲ್ಲಿ ಬೇಲಿ ಖರ್ಚೂ ಹುಟ್ಟಲ್ವಲ್ಲಮ್ಮ" ಅಂದು ಫೋನ್ ಅಮ್ಮನ ಕೈಗೆ ಕೊಟ್ರು.

ಲಾಭದ ಮಾತು ಇಲ್ಲಿ ಇಲ್ವೇ ಇಲ್ಲ. 1922ರ ಅಲಾಟ್‌ಮೆಂಟ್ ಕಾಯ್ದೆ ಪ್ರಕಾರ ಇಲ್ಲಿ ಬೆಳೆಯೋ ಹಣ್ಣು ತರಕಾರಿ ಮುಖ್ಯವಾಗಿ ಬೆಳೆದವರು, ಅವರ ಮನೆಯವರು ತಿನ್ನೋಕೆ. 1950ರ ಇನ್ನೊಂದು ಕಾಯ್ದೇಲಿ ಕೋಳಿ, ಮೊಲ ಸಾಕ್ಕೋಬಹುದು, ಆದ್ರೆ ಹುಂಜ ಮಾತ್ರ ಇಡೋ ಹಾಗಿಲ್ಲ ಅಂತಿದೆ, ಬೆಳಗಿನ ಜಾವದ ಕೂಗಿಗೆ ಹೆದರಿ ಬರೆದಿರಬೇಕು. ವ್ಯಾಪಾರ ಮಾಡೋ ಹಾಗಿಲ್ಲ ಅಂದ್ಮೇಲೆ ಜುಲೈ ಆಗಸ್ಟಲ್ಲಿ ಎಲ್ಲರ ಪ್ಲಾಟಲ್ಲೂ ಒಟ್ಟಿಗೇ ಕೋರ್ಜೆಟ್, ಅಂದ್ರೆ ಸೌತೆಕಾಯಿ ಥರದ ಎಳೇ ಕುಂಬಳ, ಸುರಿಯುತ್ತಲ್ಲ, ಅವಾಗ ಗೇಟಿನ ಹತ್ರ ಒಂದು ಹಳೇ ಟೇಬಲ್ ಮೇಲೆ ರಾಶಿ ಹಾಕಿರ್ತಾರೆ, ಬೇಕಾದವರು ತಗೊಂಡ್ಹೋಗಿ ಅಂತ. ಯಾರೂ ತಗೊಳಲ್ಲ, ಎಲ್ಲರೂ ಇಡೋರೇ.

ಇಲ್ಲಿಗೆ ಬರೋ ಮುಂಚೆ ತೋಟ ಅಂದ್ರೆ ಬಿತ್ತೋದು, ನೀರು ಹಾಕೋದು, ಕೀಳೋದು ಅಷ್ಟೇ ನನ್ನ ತಲೇಲಿದ್ದಿದ್ದು. ಆದ್ರೆ ಈ ಒಂದೂಕಾಲು ಗುಂಟೇಲಿ ನನ್ನ ಕೈಯಲ್ಲಿ ಬೀಜದ ಪ್ಯಾಕೆಟ್‌ಗಿಂತ ಕತ್ತರೀನೇ ಜಾಸ್ತಿ ಹೊತ್ತು ಇರುತ್ತೆ. ಫೆಬ್ರವರೀಲಿ ಶುರು. ಆಟಮ್ ಬ್ಲಿಸ್ ಅಂತ ರಾಸ್ಪ್‌ಬೆರಿ, ಅದರ ಕಡ್ಡಿಗಳನ್ನೆಲ್ಲ ನೆಲದ ಮಟ್ಟಕ್ಕೆ ಕತ್ತರಿಸಿ ಹಾಕಬೇಕು, ಒಂದೂ ಬಿಡೋ ಹಾಗಿಲ್ಲ, ಯಾಕಂದ್ರೆ ಶರತ್ಕಾಲದಲ್ಲಿ ಹಣ್ಣು ಬಿಡೋದು ಆ ವರ್ಷ ಹೊಸದಾಗಿ ಬರೋ ಕಡ್ಡೀಲಿ. ಬೇಸಿಗೆ ಜಾತಿದು ಉಲ್ಟಾ, ಅದು ಹಿಂದಿನ ವರ್ಷದ ಕಡ್ಡೀಲೇ ಹಣ್ಣು ಬಿಡೋದು, ಅದನ್ನ ಹೀಗೆ ಕತ್ತರಿಸಿದ್ರೆ ಆ ವರ್ಷ ಬರೀ ಎಲೆ ನೋಡ್ಕೊಂಡು ಕೂರಬೇಕು. ಮೇ ತಿಂಗಳಲ್ಲಿ ಬ್ರಾಡ್ ಬೀನ್ಸ್ ಗಿಡದ ತುದೀಲಿ ಕಪ್ಪು ಹೇನು ಮುತ್ತುತ್ತೆ, ಕೆಳಗೆ ಕಾಯಿ ಕಚ್ಚೋಕೆ ಶುರುವಾದ ತಕ್ಷಣ ಆ ಎಳೇ ತುದೀನೆಲ್ಲ ಚಿವುಟಿ ತೆಗೆದ್ರೆ ಹೇನಿಗೂ ಜಾಗ ಇಲ್ಲ, ಗಿಡದ ಶಕ್ತೀನೂ ಕಾಯಿಗೆ ಹೋಗುತ್ತೆ. ಹೇನು ಬರೋ ಮುಂಚೇನೇ ಚಿವುಟಿದ್ರೆ ಆ ತುದಿ ಒಳ್ಳೇ ಸೊಪ್ಪು, ಕಾಯಿತುರಿ ಹಾಕಿ ಪಲ್ಯ ಮಾಡ್ತೀನಿ.

ಏಪ್ರಿಲ್-ಮೇ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಹೊಸಬರು ತಬ್ಬಿಬ್ಬಾಗೋದು ಅಲ್ಲೇ. ಸುತ್ತ ಸೇಬಿನ ಮರದ ತುಂಬ ಹೂವು, ಹುಲ್ಲು ಮೊಣಕಾಲುದ್ದ, ಬಿಸಿಲು, ಎಲ್ಲಿ ನೋಡಿದ್ರೂ ಹಸಿರು, ಆದ್ರೆ ಕಿತ್ಕೊಂಡು ಹೋಗಿ ಅಡುಗೆ ಮಾಡೋಣ ಅಂದ್ರೆ ಏನೂ ಇರಲ್ಲ. ಚಳಿಗಾಲದ ಲೀಕ್, ಕೇಲ್, ಪಾರ್ಸ್‌ನಿಪ್ ಎಲ್ಲ ಹೂವಿಗೆ ಬಂದು ಗಟ್ಟಿಯಾಗಿರುತ್ತೆ, ಬೇಸಿಗೇದು ಇನ್ನೂ ಎರಡೆಲೆ ಸಸಿ. ಇಲ್ಲಿಯವರು ಇದನ್ನ ಹಂಗ್ರಿ ಗ್ಯಾಪ್ ಅಂತಾರೆ, ಫ್ರಿಜ್ ಇಲ್ಲದ ಕಾಲದಲ್ಲಿ ಜನ ನಿಜವಾಗ್ಲೂ ಒದ್ದಾಡ್ತಿದ್ದ ವಾರಗಳು. ಅವಾಗ ಕೈಹಿಡಿಯೋದು ರುಬಾರ್ಬ್ ಅನ್ನೋ ಹುಳಿ ದಂಟಿನ ಗಿಡ ಒಂದೇ, ಅದರ ದಂಟು ಮಾತ್ರ, ಎಲೆ ವಿಷ. ನಾನು ಅದರಲ್ಲಿ ಗೊಜ್ಜು ಮಾಡ್ತೀನಿ, ಹುಣಸೆಹಣ್ಣು ಹಾಕೋದೇ ಬೇಡ, ಬೆಲ್ಲ ಮಾತ್ರ ಕೈಬಿಚ್ಚಿ ಹಾಕಬೇಕು. ಇನ್ನೊಂದು, ಎಲ್ಲರೂ ಕಳೆ ಅಂತ ಕಿತ್ತು ಬಿಸಾಡೋ ಫ್ಯಾಟ್ ಹೆನ್, ಅದು ನಮ್ಮ ಚಕ್ಕೋತ ಸೊಪ್ಪಿನ ಜಾತಿ. ಪಕ್ಕದ ಪ್ಲಾಟಿನ ಅಜ್ಜ ಅದನ್ನ ಕಿತ್ತು ಕಾಂಪೋಸ್ಟಿಗೆ ಹಾಕೋಕೆ ಹೋಗ್ತಿದ್ದವರು ಈಗ ಬಕೆಟಲ್ಲಿ ತುಂಬಿ ನನ್ನ ಶೆಡ್ ಬಾಗಿಲಲ್ಲಿ ಇಟ್ಟು ಹೋಗ್ತಾರೆ, ನಾನು ಬಸ್ಸಾರು ಮಾಡ್ತೀನಿ.

ಈ ಅಜ್ಜನ ವಿಷಯ. ವಯಸ್ಸು ಎಂಬತ್ತರ ಹತ್ರ, ಇಲ್ಲಿಯ ರೂಢಿ ಪ್ರಕಾರ ಹೆಸರು ಹಿಡಿದೇ ಕರೀಬೇಕು, ಅವರೂ ಹಾಗೇ ಕರಿ ಅಂತಾರೆ, ನನಗೆ ನಾಲಗೆ ಏಳಲ್ಲ, ಹಾಗಾಗಿ ಹೆಸರೇ ಇಲ್ದೆ "ಹಲೋ" ಅಂತಾನೇ ಇಷ್ಟು ವರ್ಷ ತಳ್ಳಿದೀನಿ. ಮಾತು ಕಮ್ಮಿ. ಎಚ್ಚರಿಕೆ ಹೇಳೋದಿದ್ರೆ ಮಾತ್ರ ಬೇಲಿ ಹತ್ರ ಬರೋದು.

ಆಗಸ್ಟಿನ ಆ ಶನಿವಾರ ಬೇಲಿ ಹತ್ರ ನಿಂತಿದ್ರು.

ಅದಕ್ಕೂ ಹಿಂದಿನ ವಾರ ಪೂರ್ತಿ ಬಿಸಿ ಮಳೆ, ಸೆಕೆ, ರಾತ್ರಿಯೂ ಕಿಟಕಿ ಮುಚ್ಚೋಕಾಗದ ಹವಾ. ಬ್ಲೈಟ್, ಅಂದ್ರೆ ಆಲೂಗಡ್ಡೇನ ಎಲೆಯಿಂದ ಗಡ್ಡೆ ತನಕ ಕೊಳೆಸೋ ರೋಗ, ಅದರ ಅಲರ್ಟ್ ನಮ್ಮ ಪೋಸ್ಟ್‌ಕೋಡಿಗೆ ಬರೋ ಹಾಗೆ ಇಮೇಲ್ ಕೊಟ್ಟಿದ್ದೆ, ಅದು ಬಂದಿತ್ತು. ಇದಕ್ಕೆ ಹಟನ್ ಲೆಕ್ಕ ಅಂತ ಒಂದಿದೆ, ಒಂದಾದ ಮೇಲೊಂದು ಎರಡು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳೀದೆ, ಎರಡೂ ದಿನ ಕಮ್ಮಿ ಅಂದ್ರೆ ಆರು ಗಂಟೆ ಹೊತ್ತು ಗಾಳೀಲಿ ತೇವಾಂಶ 90 ಪರ್ಸೆಂಟ್ ದಾಟಿದ್ರೆ ರೋಗ ಹಬ್ಬೋಕೆ ಎಲ್ಲ ತಯಾರು ಅಂತ. 2017ಕ್ಕೆ ಮುಂಚೆ ಸ್ಮಿತ್ ಪೀರಿಯಡ್ ಅಂತ ಬೇರೆ ಲೆಕ್ಕ ಇತ್ತು. ಅಜ್ಜನಿಗೆ ಎರಡೂ ಲೆಕ್ಕ ಬೇಡ, ಬೆಳಿಗ್ಗೆ ಬಂದು ಮೂಸಿ ನೋಡ್ತಾರೆ. "ನಿನ್ನ ಪೈಪರ್ ನೋಡಿದ್ಯಾ?" ಅಂದ್ರು ಅಷ್ಟೇ. ಮಾರಿಸ್ ಪೈಪರ್, ಒಳ್ಳೇ ಆಲೂಗಡ್ಡೆ, ಇಲ್ಲಿಯ ಚಿಪ್ಸಿಗೆ, ಅಂದ್ರೆ ನಮ್ಮ ಫ್ರೆಂಚ್ ಫ್ರೈಸ್ ಥರದ್ದಕ್ಕೆ, ಇಡೀ ದೇಶಕ್ಕೆ ಬೇಕು, ಬ್ಲೈಟಿಗೆ ಮಾತ್ರ ತಡೆಯೋ ಶಕ್ತಿ ಇಲ್ಲ.

ದೂರದಿಂದ ನೋಡಿದ್ರೆ ಸಾಲುಗಳು ಚೆನ್ನಾಗೇ ಇದ್ವು, ಸೊಂಟದ ಎತ್ತರ, ಅಲ್ಲಲ್ಲಿ ಹೂವೂ ಇತ್ತು. ಹತ್ರ ಹೋಗಿ ಬಗ್ಗಿ ನೋಡಿದಾಗ ಮಧ್ಯದ ಸಾಲಿನ ಎಲೆ ತುದೀಲಿ ನೀರಲ್ಲಿ ನೆನೆದ ಹಾಗಿರೋ ಕಂದು ಕಲೆ, ಒಂದು ಬೆರಳಗಲ. ಎಲೆ ಮಗುಚಿದೆ. ಕಲೆ ಎಲ್ಲಿ ಮುಗಿದು ಹಸಿರು ಶುರುವಾಗುತ್ತೋ ಅಲ್ಲೇ ಸುತ್ತ ತೆಳ್ಳಗೆ ಬಿಳೀ ಬೂಷ್ಟಿನ ಗೆರೆ, ಬೆಳಗಿನ ಇಬ್ಬನಿ ಆರೋ ತನಕ ಮಾತ್ರ ಚೆನ್ನಾಗಿ ಕಾಣುತ್ತೆ. ಆ ಬಿಳೀದೇ ರೋಗದ ಬೀಜ, ಗಾಳೀಲಿ ಹಾರುತ್ತೆ, ಮಳೆ ಬಂದ್ರೆ ಎಲೆಯಿಂದ ತೊಳೆದು ಮಣ್ಣಿಗಿಳಿದು ಗಡ್ಡೆಗೆ ಹೋಗುತ್ತೆ. ಕಾಂಡದ ಮೇಲೂ ಎರಡು ಕಡೆ ಕಪ್ಪು ಪಟ್ಟೆ ಬಿದ್ದಿತ್ತು. 1845ರಲ್ಲಿ ಐರ್ಲೆಂಡಿಗೆ ಬಂದು, ಮುಂದಿನ ವರ್ಷಗಳ ಬರದಲ್ಲಿ ಹತ್ತು ಲಕ್ಷ ಜನ ಸಾಯೋಕೆ ಕಾರಣ ಆಗಿದ್ದು ಇದೇ ರೋಗ. ಓದಿ ಗೊತ್ತಿತ್ತು, ಹೆಬ್ಬೆರಳಿನ ಕೆಳಗೆ ಹಿಡ್ಕೊಂಡು ನೋಡಿದ್ದು ಅವತ್ತೇ.

ಸ್ಪ್ರೇ ಏನಾದ್ರೂ ಹೊಡೀಬಹುದಾ ಅಂತ ನಮ್ಮನೆಯವರು ಫೋನಲ್ಲಿ ಹುಡುಕ್ತಿದ್ರು. ಇಲ್ಲಿ ಮನೆಮಟ್ಟಕ್ಕೆ ಬೆಳೆಯೋರಿಗೆ ಬ್ಲೈಟಿಗೆ ಅಂತ ಮಾರೋ ಔಷಧಿ ಇಲ್ಲ, ದೊಡ್ಡ ರೈತರಿಗೆ ಮಾತ್ರ. ಉಳಿದಿರೋ ದಾರಿ ಒಂದೇ, ಎಲೆ ಕಾಂಡ ಎಲ್ಲ ನೆಲಮಟ್ಟಕ್ಕೆ ಕತ್ತರಿಸಿ ಅವತ್ತೇ ಸೈಟಿನಿಂದ ಆಚೆ ಸಾಗಿಸೋದು. "ಮುಕ್ಕಾಲು ಪಾಲು ಚೆನ್ನಾಗೇ ಇದೆಯಲ್ಲೇ, ರೋಗ ಬಂದಿರೋ ಎಲೆ ಮಾತ್ರ ಕಿತ್ರೆ ಸಾಲ್ದಾ" ಅಂದ್ರು. ಹಸಿರಾಗಿ ನಿಂತಿರೋ ಗಿಡ ಕಡಿಯೋಕೆ ಅವರಿಗೆ ಯಾವತ್ತೂ ಮನಸ್ಸು ಬರಲ್ಲ, ರಾಸ್ಪ್‌ಬೆರಿ ಕಡ್ಡಿಗೂ ಇದೇ ಪಾಠ ಓದಿದ್ರು. ಮಧ್ಯಾಹ್ನ ಮತ್ತೆ ಮಳೆ ಇತ್ತು ಫೋರ್‌ಕಾಸ್ಟಲ್ಲಿ. ಮಳೆ ಬಂದ ಮೇಲೆ ಆ ಬಿಳೀ ಗೆರೆ ಎಲ್ಲಿಗೆ ಹೋಗುತ್ತೆ ಅಂತ ಎಲೆ ತೋರಿಸಿ ಹೇಳಿದ್ಮೇಲೆ ಸುಮ್ನೆ ಕತ್ತರಿ ತಗೊಂಡ್ರು.

ಕತ್ತರಿಸೋದು ಬೇಗ ಆಯ್ತು, ಚೀಲಕ್ಕೆ ತುಂಬೋದೇ ಹಿಂಸೆ, ಒದ್ದೆ ಕಾಂಡ, ಎಷ್ಟು ಒತ್ತಿದ್ರೂ ಮತ್ತೆ ಉಬ್ಕೊಳ್ತಿತ್ತು. ಕಾಂಪೋಸ್ಟ್ ಗುಂಡಿಗೆ ಹಾಕಲಿಲ್ಲ, ನಮ್ಮ ಗುಂಡಿ ಅಷ್ಟು ಬಿಸಿ ಆಗಲ್ಲ, ಕೌನ್ಸಿಲಿನ ಗ್ರೀನ್ ವೇಸ್ಟಿಗೆ ಹೋಯ್ತು. ಆ ಕಡೆ ಅಜ್ಜ ತಮ್ಮ ಟೊಮೇಟೊ ಗಿಡಗಳನ್ನೂ ಬುಡಸಮೇತ ಎಳೀತಿದ್ರು, ಎರಡೂ ಒಂದೇ ವಂಶ ಆಗಿರೋದ್ರಿಂದ ಒಂದಕ್ಕೆ ಬಂದಿದ್ದು ಇನ್ನೊಂದನ್ನ ಬಿಡಲ್ಲ. ಹಸಿರು ಕಾಯಿ ಒಂದು ಬುಟ್ಟಿ ತುಂಬ ನನಗೇ ಕೊಟ್ರು, ಕಾಯಿ ಟೊಮೇಟೊ ಚಟ್ನಿ ಮಾಡಿದೆ, ಅವರಿಗೆ ಒಂದು ಬಾಟಲ್ ಕೊಟ್ಟಿದ್ದಕ್ಕೆ ಚೀಸ್ ಜೊತೆ ತಿಂದ್ರಂತೆ. ಕಲೆ ಇದ್ದ ಕಾಯಿ ನಾನೇ ಆರಿಸಿ ತೆಗೆದಿದ್ದೆ.

ಕತ್ತರಿಸಿದ ದಿನವೇ ಅಗೆಯೋ ಹಾಗಿಲ್ಲ. ಎರಡು ವಾರ ಆದ್ರೂ ಬಿಡಬೇಕು, ಮಣ್ಣಿನ ಮೇಲೆ ಬಿದ್ದಿರೋ ರೋಗದ ಬೀಜ ಸಾಯಬೇಕು, ಗಡ್ಡೆ ಸಿಪ್ಪೆ ಗಟ್ಟಿಯಾಗಬೇಕು. ಜೂನಲ್ಲಿ ಸಾಲುಗಳಿಗೆ ಎತ್ತರಕ್ಕೆ ಮಣ್ಣು ಏರಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಆಮೇಲೆ ಫೋರ್ಕ್ ಹಾಕಿ ಮೀಟಿದಾಗ ಮೇಲುಗಡೆ ಇದ್ದ ಕೆಲವು ಗಡ್ಡೆ ಹೋಗಿತ್ತು, ಸಿಪ್ಪೆ ಒಳಗೆ ತುಕ್ಕು ಬಣ್ಣ, ಒಂದೆರಡು ಆಗ್ಲೇ ಕೊಳೆತು ವಾಸನೆ, ಆ ವಾಸನೆ ಕೈಯಿಂದ ಬಿಡೋಕೆ ಸೋಪು ಸಾಲಲ್ಲ. ಕೆಳಗಿನವು ಗಟ್ಟಿ. ಮೂರು ಮೂಟೆ ನಿರೀಕ್ಷೆ ಇತ್ತು, ಎರಡಕ್ಕೆ ಸ್ವಲ್ಪ ಮೇಲೆ ಬಂತು, ಗಡ್ಡೆ ಇನ್ನೂ ದಪ್ಪ ಆಗೋದಿತ್ತು ಅಷ್ಟೆ. ಆಕಡೆ ಮೂಲೇಲಿ ಒಬ್ರು ರಜೆಗೆ ಹೋಗಿದ್ರು, ಅವರು ಬರೋ ಹೊತ್ತಿಗೆ ಅವರ ಸಾಲಲ್ಲಿ ಗಿಡ ಇತ್ತು ಅನ್ನೋ ಗುರುತೂ ಇರಲಿಲ್ಲ, ಕೆಳಗೆ ಗಡ್ಡೇನೂ ಬಹುಪಾಲು ನೀರಾಗಿತ್ತು. ಮೂಟೆಗಳನ್ನ ಶೆಡ್ಡಿನ ಕತ್ತಲೇಲಿ ಇಟ್ಟು ಆಗಾಗ ಬಾಯಿ ಬಿಚ್ಚಿ ಮೂಸ್ತೀನಿ, ಒಂದು ಕೊಳೆತ್ರೆ ಮೂಟೇನೇ ಹೋಗುತ್ತೆ.

ಖಾಲಿಯಾದ ಮಡಿಗೆ ಆಗಸ್ಟ್ ಕೊನೇಲಿ ಮೆಂತ್ಯ, ಕೊತ್ತಂಬರಿ ಚೆಲ್ಲಿದೆ. ಇಲ್ಲಿ ಮೇ-ಜೂನಲ್ಲಿ ಕೊತ್ತಂಬರಿ ಹಾಕಿದ್ರೆ ರಾತ್ರಿ ಹತ್ತರ ತನಕ ಬೆಳಕು ಇರೋ ದಿನಗಳು ನೋಡಿ, ಸೊಪ್ಪಾಗೋ ಮುಂಚೆ ಹೂವಿಗೆ ಎದ್ದುಬಿಡುತ್ತೆ. ಹಗಲು ಕಮ್ಮಿಯಾಗ್ತಾ ಬಂದಾಗ ಹಾಕಿದ್ರೆ ಅಕ್ಟೋಬರ್ ತನಕ ಕೊಯ್ತಾನೇ ಇರಬಹುದು. ಜಮೈಕಾದ ಒಬ್ಬ ಆಂಟಿ ಕೊಟ್ಟ ಕಲಲೂ ಬೀಜದ ಗಿಡ ಅದರ ಪಕ್ಕದಲ್ಲೇ, ಅಮ್ಮ ವಿಡಿಯೋ ಕಾಲಲ್ಲಿ ನೋಡಿ "ಹರಿವೆ ಸೊಪ್ಪು ಕಣೇ ಅದು, ದಂಟು ಬಲಿಯೋಕೆ ಮುಂಚೆ ಕೊಯ್ಯಿ" ಅಂದ್ರು, ಆಂಟಿ ಹೇಳಿದ್ದೂ ಅದೇ. ಸ್ಲಗ್ಗುಗಳ, ಅಂದ್ರೆ ಚಿಪ್ಪಿಲ್ಲದ ಬಸವನಹುಳುಗಳ, ಕಥೆ ಬೇಡ ಬಿಡಿ. ಅವನ್ನ ಕೊಲ್ಲೋ ಮೆಟಾಲ್ಡಿಹೈಡ್ ಗುಳಿಗೆ 2022ರಿಂದ ಬ್ಯಾನ್, ಅದಾದ್ಮೇಲೆ ರಾತ್ರಿ ಟಾರ್ಚ್ ಹಿಡ್ಕೊಂಡು ಕೈಯಲ್ಲೇ ಹೆಕ್ತೀನಿ. ನವೆಂಬರಲ್ಲಿ ಆ ಮಡಿಗೇ ಬೆಳ್ಳುಳ್ಳಿ ಎಸಳು ಊರಿದೆ, ಅದಕ್ಕೆ ಚಳಿ ಬೀಳಲೇಬೇಕು, ಇಲ್ಲಾಂದ್ರೆ ಎಸಳು ಒಡೆಯಲ್ಲ.

ಈಗ ಜನವರಿ, ಬೀಜದ ಆಲೂಗಡ್ಡೆ ಆರ್ಡರ್ ಮಾಡೋ ಟೈಮ್, ಮನೇಲಿ ಜಗಳ ನಡೀತಿದೆ. ಸಾರ್ಪೊ ಮೀರಾ ಅಂತ ಹಂಗೇರಿ ಕಡೆಯಿಂದ ಬಂದಿರೋ ಜಾತಿ, ಬ್ಲೈಟಿಗೆ ಚೆನ್ನಾಗಿ ತಡ್ಕೊಳ್ಳುತ್ತೆ, ನನಗೆ ಅದೇ ಬೇಕು. ನಮ್ಮನೆಯವರು ಅದು ಹಿಟ್ಟು ಹಿಟ್ಟು, ಪಲ್ಯಕ್ಕೆ ಹಾಕಿದ್ರೆ ಕಲಸಿ ಹೋಗುತ್ತೆ, ಶಾರ್ಲೆಟ್ ತರಿಸು ಅಂತಾರೆ. ಶಾರ್ಲೆಟ್ ಜುಲೈಗೇ ಕೈಗೆ ಬರೋದ್ರಿಂದ ಹೆಚ್ಚಾಗಿ ಬ್ಲೈಟಿಂದ ತಪ್ಪಿಸ್ಕೊಳ್ಳುತ್ತೆ ಅನ್ನೋದೂ ನಿಜ, ಆದ್ರೆ ಚಳಿಗಾಲ ಪೂರ್ತಿ ಇಡೋಕೆ ಅದು ಸಾಲಲ್ಲ. ಕೊನೆಗೆ ಅರ್ಧ ಅರ್ಧ ಅಂತ ಆಯ್ತು. ಅಜ್ಜನಿಗೆ ಸಾರ್ಪೊ ತರಿಸ್ತಿದೀನಿ ಅಂದೆ, ಈ ವರ್ಷ ಕತ್ತರಿ ಹಿಡಿಯೋದು ತಪ್ಪುತ್ತೆ ಅಂತ ಖುಷಿಯಲ್ಲಿ. "ಬ್ಲೈಟ್ ಬರಲ್ಲ ಸರಿ, ಆದ್ರೆ ಅದು ತಾನಾಗೇ ಒಣಗೋದೂ ಇಲ್ಲ, ಸೆಪ್ಟೆಂಬರಲ್ಲಿ ನೀನೇ ಕತ್ತರಿಸಬೇಕು, ಬಿಟ್ರೆ ಗಡ್ಡೆ ಒಂದೊಂದೂ ಕುಂಬಳಕಾಯಿ ಆಗುತ್ತೆ" ಅಂದ್ರು. ನಮ್ಮನೆಯವರಿಗೆ ಇದನ್ನ ಇನ್ನೂ ಹೇಳಿಲ್ಲ.